ಯಾಂತ್ರಿಕ ಓಡೋಮೀಟರ್ ದುರಸ್ತಿ

ಯಾಂತ್ರಿಕ ಓಡೋಮೀಟರ್ ಎಂಬುದು ವಾಹನವು ಕ್ರಮಿಸಿದ ಒಟ್ಟು ದೂರವನ್ನು ಹಲ್ಲುಚಕ್ರಗಳ ನೆರವಿನಿಂದ ದಾಖಲಿಸುವ ಸಾಧನ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳಲ್ಲಿ ಇದನ್ನೂ ವೇಗಮಾಪಕವನ್ನೂ ಗೇರ್‌ಬಾಕ್ಸ್‌ನಿಂದ ಬರುವ ಒಂದೇ ಕೇಬಲ್ ನಡೆಸುತ್ತದೆ. ಕೇಬಲ್‌ನ ವೇಗದ ತಿರುಗುವಿಕೆಯನ್ನು ವರ್ಮ್ ಗೇರ್‌ಗಳು ಬಹಳವಾಗಿ ತಗ್ಗಿಸಿ ಅಂಕೆಯ ಉರುಳೆಗಳಿಗೆ ಮುಟ್ಟಿಸುತ್ತವೆ. ಒಂದು ಉರುಳೆ ಪೂರ್ಣ ಸುತ್ತಿದಾಗ ಅದರ ಎಡಗಡೆಯ ಉರುಳೆ ಹತ್ತರಲ್ಲಿ ಒಂದು ಭಾಗ ಸರಿಯುತ್ತದೆ.

ಮುಳ್ಳೂ ಅಂಕೆಗಳೂ ಒಟ್ಟಿಗೆ ನಿಂತಿದ್ದರೆ ಸಾಮಾನ್ಯವಾಗಿ ಕೇಬಲ್ ತುಂಡಾಗಿರುತ್ತದೆ. ಖಾನಾಪುರದಂತಹ ಅಧಿಕ ಮಳೆಯ ಸೀಮೆಯಲ್ಲಿ ಹೊರಕವಚ ಬಿರಿದ ಕೇಬಲ್‌ಗೆ ತೇವ ಸೇರಿ ತುಕ್ಕು ಹಿಡಿಯುವುದುಂಟು. ಮುಳ್ಳು ಆಡುತ್ತಿದ್ದು ಅಂಕೆಗಳು ಮಾತ್ರ ನಿಂತಿದ್ದರೆ ಕೇಬಲ್ ನಿರ್ದೋಷಿ. ಒಳಗಿನ ಗೇರ್ ಸೀಳಿದೆ ಅಥವಾ ಹಲ್ಲು ಮುರಿದಿದೆ ಎಂದರ್ಥ. ಆಗ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮಾಪಕವನ್ನು ಹೊರತೆಗೆದು, ಅಷ್ಟೇ ಹಲ್ಲುಗಳಿರುವ ಗೇರನ್ನು ಜೋಡಿಸಬೇಕು. ಅಂಟು ಹೆಚ್ಚು ದಿನ ಬಾಳದು. ವೇಗಮಾಪಕದ ಸೂಕ್ಷ್ಮ ಸುರುಳಿ ಸ್ಪ್ರಿಂಗನ್ನು ಮುಟ್ಟಲಾಗದು.

ಮಾಪಕ ನಿಂತಿದ್ದ ಅವಧಿಯ ಓಟ ಲೆಕ್ಕಕ್ಕೆ ಸಿಗದು. ಆದ್ದರಿಂದ ದುರಸ್ತಿಯ ದಿನಾಂಕವನ್ನೂ ಆಗಿನ ಅಂಕೆಯನ್ನೂ ಬರೆದಿಡುವುದು ಅಗತ್ಯ. ಎಂಜಿನ್ ಆಯಿಲ್ ಬದಲಿಸುವ ಗಡುವಿಗೂ ಕಾರು ಕೊಳ್ಳುವವರಿಗೂ ಇದೇ ಆಧಾರ. ಅಂಕೆಯನ್ನು ಹಿಂದಕ್ಕೆ ತಿರುಗಿಸುವುದು ದುರಸ್ತಿಯಲ್ಲ, ವಂಚನೆ.

ಪರೀಕ್ಷೆಗೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಸಾಕು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಈ ಹಾದಿಯಲ್ಲಿ ಕಲ್ಲುಗಳ ಪ್ರಕಾರ 20 ಕಿ.ಮೀ. ಸಾಗಿದಾಗ ಮಾಪಕ 19 ತೋರಿಸಿದರೆ ಶೇ. 5ರಷ್ಟು ಕೊರತೆಯಿದೆ. ಗೇರನ್ನು ಶಂಕಿಸುವ ಮೊದಲು ಟೈರಿನ ಅಳತೆಯನ್ನು ನೋಡಬೇಕು: ಮೂಲ ಅಳತೆಗಿಂತ ದೊಡ್ಡ ಟೈರು ಅಷ್ಟೇ ದೂರಕ್ಕೆ ಕಡಿಮೆ ಸುತ್ತು ತಿರುಗುತ್ತದೆ.