ಬಳ್ಳಾರಿ ಸೀಮೆಯ ಮಠಗಳಲ್ಲಿ ಬರವಣಿಗೆಯ ಅಭ್ಯಾಸ

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ, 1822ನೆಯ ಇಸವಿಯಲ್ಲಿ, ಜಿಲ್ಲೆ ಜಿಲ್ಲೆಗಳಲ್ಲಿರುವ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ತರಿಸಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ಕೇವಲ ಅಂಕೆಗಳಿಂದ ತೃಪ್ತನಾಗದೆ, 1823ರ ಆಗಸ್ಟಿನಲ್ಲಿ ಕಳುಹಿದ ವರದಿಯಲ್ಲಿ ಮಕ್ಕಳು ಅಕ್ಷರವನ್ನು ತಿದ್ದುತ್ತಿದ್ದ ರೀತಿಯನ್ನೂ ವಿವರಿಸಿದನು. ನಮ್ಮವರಾರೂ ಬರೆದಿಡಲು ಯೋಗ್ಯವೆಂದೆಣಿಸದ ಸಂಗತಿಗಳು ಇದರಿಂದ ಉಳಿದುಕೊಂಡವು.

ಬರವಣಿಗೆಯ ಆರಂಭ ಮನೆಯಲ್ಲಿಯೇ. ಮಗುವಿಗೆ ಐದು ವರ್ಷ ತುಂಬಲು, ತಾಯಿತಂದೆಗಳು ಅಯ್ಯನವರನ್ನೂ ಮಠದ ಹುಡುಗರನ್ನೂ ಮನೆಗೆ ಕರೆಯಿಸುತ್ತಿದ್ದರು. ಗಣಪತಿಯ ಪೂಜೆಯಾದ ಮೇಲೆ, ಗುರುವು ಮಗುವಿನ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದನು. ಮರುದಿನದಿಂದ ಅಕ್ಕಿಯ ಬದಲು ಮರಳು. ನೆಲದ ಮೇಲಾಗಲಿ ಹಲಗೆಯ ಮೇಲಾಗಲಿ ಮರಳನ್ನು ಹರಡಿ, ಬೆರಳಿನಿಂದ ತಿದ್ದಬೇಕು. ಅಕ್ಷರ ಸೊಟ್ಟಗಾದರೆ ಅಂಗೈಯಿಂದ ಸವರಿದರಾಯಿತು. ಓದುವುದೂ ಬರೆಯುವುದೂ ಇಲ್ಲಿ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ.

ಕೈ ತಿರುಗಿದ ಮೇಲೆ ಹಲಗೆ ಬಳಪಗಳ ಸರದಿ. ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆಯನ್ನು ನಯಗೊಳಿಸಿ, ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂಬುದು ಗಂಜಿಯಿಂದ ಬಿರುಸುಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಸಿ ಇದ್ದಲು ಮತ್ತು ಅಂಟುಗಳ ಲೇಪವನ್ನು ಕೊಡುತ್ತಿದ್ದರು. ಎರಡನ್ನೂ ಒದ್ದೆಯ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ಶಾನುಭೋಗನ ಲೆಕ್ಕವೂ ವರ್ತಕನ ಲೆಕ್ಕವೂ ಇಂತಹ ಕಡತದಲ್ಲಿಯೇ ಇರುತ್ತಿದ್ದುದರಿಂದ, ಹುಡುಗನ ಕೈ ಬಾಲ್ಯದಲ್ಲಿಯೇ ವ್ಯವಹಾರಕ್ಕೆ ಪಳಗುತ್ತಿತ್ತು. ಓಲೆಯ ಮೇಲೆ ಕಬ್ಬಿಣದ ಕಂಟದಿಂದಲೂ, ಕಾಗದದ ಮೇಲೆ ಲೆಕ್ಕಣಿಕೆಯಿಂದಲೂ ಬರೆಯುವ ರೂಢಿಯೂ ಇದ್ದಿತು. ಇಷ್ಟಲ್ಲದೆ, ಅಯ್ಯನವರು ಅಲ್ಲಲ್ಲಿಂದ ಹಳೆಯ ಕಾಗದಪತ್ರಗಳನ್ನು ಕೂಡಿಸಿ ತಂದು, ನಾನಾ ಕೈಬರಹಗಳನ್ನು ಓದುವ ಅಭ್ಯಾಸವನ್ನು ಮಾಡಿಸುತ್ತಿದ್ದರು. ಇದು ಬಹಳ ವಿವೇಕದ ಕ್ರಮವೆಂದೇ ಹೇಳಬೇಕು.

ಶಿಕ್ಷೆಯೂ ಅಂಗೈಯ ಮೇಲೆಯೇ. ಬೆಳಗಿನಲ್ಲಿ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಕಡೆಯವನ ಪಾಡನ್ನು ಊಹಿಸಿಕೊಳ್ಳಬಹುದು! ಅರ್ಥವನ್ನು ತಿಳಿಸದೆ ಗಿಳಿಪಾಠ ಮಾಡಿಸುವರೆಂಬ ಕ್ಯಾಂಬೆಲನ ಆಕ್ಷೇಪಣೆಯೂ ನ್ಯಾಯವಾದುದೇ. ಆದರೆ ಅಲ್ಪವ್ಯಯದಲ್ಲಿ ಬರವಣಿಗೆ ಕಲಿಸುವುದನ್ನೂ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಹೇಳಿಸುವುದನ್ನೂ ಆತನು ಬಾಯ್ತುಂಬ ಹೊಗಳಿದ್ದಾನೆ.

ಈ ಹೊಗಳಿಕೆಗೆ ಕಾರಣವಿಲ್ಲದಿಲ್ಲ. ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು, ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಗೂ ತಂದನು. ಅಲ್ಲಿನ ಉಪಾಧ್ಯಾಯನು ಒಪ್ಪದಿರಲು, ಹುಡುಗನೊಬ್ಬನಿಂದಲೇ ಚಿಕ್ಕವರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಆತನ ಪುಸ್ತಕ ಅಚ್ಚಾದ ಬಳಿಕ, ಇಂಗ್ಲೆಂಡಿನ ಬಡ ಮಕ್ಕಳೂ ಮರಳಿನಲ್ಲಿ ಅಕ್ಷರ ತಿದ್ದಿದರು.

ಅತ್ತ ಈ ಪದ್ಧತಿ ಹಬ್ಬುತ್ತಿರಲು, ಇತ್ತ ಬಳ್ಳಾರಿಯಲ್ಲಿ ಮಠಗಳು ಸೊರಗುತ್ತಿದ್ದವು. ಸುಮಾರು ಒಂಬತ್ತು ಲಕ್ಷಕ್ಕೆ ಮೀರಿದ ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದ ಶಾಲೆಗಳು 235. ಸೀಮೆಯ ಬಟ್ಟೆ ಬಂದು ನೇಕಾರರ ಜೀವನ ಕೆಟ್ಟಿತೆಂದೂ, ಬಡತನದಿಂದ ಮಕ್ಕಳನ್ನು ಬೇಗನೆ ಬಿಡಿಸಿ ಕೆಲಸಕ್ಕೆ ಹಚ್ಚುವರೆಂದೂ ಕಲೆಕ್ಟರನೇ ಮುಚ್ಚುಮರೆಯಿಲ್ಲದೆ ಬರೆದನು. ಆ ಆರು ಸಾವಿರದ ಚಿಲ್ಲರೆ ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಂದಿ.