ಕಣ್ಣಿನ ಔಷಧ ಬರೆಯುವ ಅಧಿಕಾರ: ಆಪ್ಟೋಮೆಟ್ರಿಸ್ಟರ ತರಬೇತಿ ಮತ್ತು ನೋಂದಣಿ ಕುರಿತ ಮಾಹಿತಿ

ಆಪ್ಟೋಮೆಟ್ರಿ ವ್ಯಾಸಂಗ ಮಾಡಿದವರು ಹೆಚ್ಚುವರಿ ತರಬೇತಿ ಪಡೆದು ಕಣ್ಣಿನ ಔಷಧಗಳನ್ನು ಬರೆದುಕೊಡಬಹುದೇ, ಅದಕ್ಕೆ ಎಲ್ಲಿ ನೋಂದಣಿ ಮಾಡಿಸಬೇಕು ಎಂಬ ಪ್ರಶ್ನೆಗೆ ಈ ಪುಟದಲ್ಲಿ ಉತ್ತರ ನೀಡಲಾಗಿದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ವೃತ್ತಿ ನಡೆಸಲು ಇಚ್ಛಿಸುವವರು ಮತ್ತು ಅವರಲ್ಲಿ ಕಣ್ಣು ತೋರಿಸಿಕೊಳ್ಳುವ ಸಾರ್ವಜನಿಕರು ಇದನ್ನು ಗಮನಿಸತಕ್ಕದ್ದು.

1. ಈಗಿರುವ ಕಾನೂನು ಸ್ಥಿತಿ

ಆಪ್ಟೋಮೆಟ್ರಿಸ್ಟರಿಗೆ ಔಷಧ ಬರೆಯುವ ಅಧಿಕಾರ ನೀಡುವ ಯಾವುದೇ ತರಬೇತಿಯಾಗಲಿ, ಪ್ರತ್ಯೇಕ ನೋಂದಣಿಯಾಗಲಿ ಕರ್ನಾಟಕದಲ್ಲಿ ಇರುವುದಿಲ್ಲ. ಅಂತಹ ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿ ಯಾರಾದರೂ ಶುಲ್ಕ ಕೇಳಿದಲ್ಲಿ ಪಾವತಿಸಬಾರದು.

1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ ಹಾಗೂ ಅದರಡಿ ರಚಿಸಲಾದ 1945ರ ನಿಯಮಗಳ ಪ್ರಕಾರ, ಅನುಸೂಚಿ ‘ಎಚ್’ಗೆ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಾಟ ಮಾಡತಕ್ಕದ್ದು. ಸ್ಟೀರಾಯ್ಡ್ ಹನಿಗಳು ಮತ್ತು ಗ್ಲಾಕೋಮಾ ಹನಿಗಳು ಈ ಬಗೆಯವು. ಕೆಲವು ಆ್ಯಂಟಿಬಯೋಟಿಕ್ ಔಷಧಗಳಿಗೆ 2014ರಿಂದ ಜಾರಿಯಲ್ಲಿರುವ ‘ಎಚ್1’ ಅನುಸೂಚಿಯ ಇನ್ನೂ ಬಿಗಿಯಾದ ನಿಯಮಗಳು ಅನ್ವಯಿಸುತ್ತವೆ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮದ 34ನೇ ಪ್ರಕರಣದ ಪ್ರಕಾರ, ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಅರ್ಹ ವೈದ್ಯರಂತೆ ವೃತ್ತಿ ನಡೆಸಿದಲ್ಲಿ ಒಂದು ವರ್ಷದವರೆಗೆ ಕಾರಾವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

2. ನಿರ್ಬಂಧಕ್ಕೆ ಕಾರಣ

ಭತ್ತದ ಗರಿ ಅಥವಾ ಕಬ್ಬಿನ ರವದಿ ತಗುಲಿ ಕೆಂಪಾದ ಕಣ್ಣು ನೋಡುವುದಕ್ಕೆ ಸಾಮಾನ್ಯ ಕಣ್ಣುಬೇನೆಯಂತೆಯೇ ಕಾಣಬಹುದು. ಆದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಶಿಲೀಂಧ್ರದ ಸೋಂಕು ತಗುಲಿರುವ ಸಾಧ್ಯತೆ ಇರುತ್ತದೆ. ಅಂತಹ ಕಣ್ಣಿಗೆ ಸ್ಟೀರಾಯ್ಡ್ ಹನಿ ಹಾಕಿದರೆ ಕೆಂಪು ಮತ್ತು ಉರಿ ಒಂದೆರಡು ದಿನ ಇಳಿದಂತೆ ತೋರಿದರೂ ಹುಣ್ಣು ಒಳಗೊಳಗೇ ಬೆಳೆದು ದೃಷ್ಟಿ ಶಾಶ್ವತವಾಗಿ ಹೋಗಬಹುದು. ಇದೇ ಹನಿಯನ್ನು ವೈದ್ಯರ ನಿಗಾ ಇಲ್ಲದೆ ಬಹುಕಾಲ ಬಳಸಿದಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಉಂಟಾಗಬಹುದು. ಕಣ್ಣಿನ ಪೊರೆಯೂ ಬರಬಹುದು.

3. ಆಪ್ಟೋಮೆಟ್ರಿಸ್ಟರ ಅರ್ಹತೆ ಮತ್ತು ನೋಂದಣಿ

2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಅಧಿನಿಯಮವು ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕ ಮತ್ತು ದೃಷ್ಟಿ ತಂತ್ರಜ್ಞ ಹುದ್ದೆಗಳನ್ನು ನೇತ್ರ ವಿಜ್ಞಾನ ವೃತ್ತಿಗಳೆಂದು ತನ್ನ ಅನುಸೂಚಿಯಲ್ಲಿ ಸೇರಿಸಿದೆ. ಇದರಂತೆ:

ಅ) ಹೆಲ್ತ್‌ಕೇರ್ ವೃತ್ತಿನಿರತರೆನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಹರಡಿದ, ಕನಿಷ್ಠ 3,600 ಗಂಟೆಗಳ ಪದವಿ ವ್ಯಾಸಂಗ ಅವಶ್ಯ.

ಆ) ಅಲೈಡ್ ಆರೋಗ್ಯ ವೃತ್ತಿನಿರತರೆನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ವ್ಯಾಸಂಗ ಅವಶ್ಯ.

ಇ) ರಾಜ್ಯ ರಿಜಿಸ್ಟರಿನಲ್ಲಿ ಹೆಸರು ದಾಖಲಿಸುವ ಕಾರ್ಯ ರಾಜ್ಯ ಪರಿಷತ್ತಿನದು, ಕೇಂದ್ರ ರಿಜಿಸ್ಟರನ್ನು ಆಯೋಗವು ನಿರ್ವಹಿಸುತ್ತದೆ.

ಅರ್ಜಿದಾರರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಲ್ಲ ವರ್ಷಗಳ ವ್ಯಾಸಂಗದ ಅಂಕಪಟ್ಟಿಗಳು, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಗುರುತಿನ ಚೀಟಿ ಮತ್ತು ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಗೋವಾ ಅಥವಾ ಮಹಾರಾಷ್ಟ್ರದಲ್ಲಿ ವ್ಯಾಸಂಗ ಮಾಡಿರುವ ಗಡಿ ಭಾಗದ ಅಭ್ಯರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಮೂಲ ದಾಖಲೆಗಳನ್ನು ಮುಂಚಿತವಾಗಿಯೇ ಪಡೆದುಕೊಳ್ಳುವುದು ಒಳಿತು.

ಈ ನೋಂದಣಿಯು ವೃತ್ತಿಯ ಗುರುತನ್ನು ನೀಡುತ್ತದೆಯೇ ಹೊರತು ಔಷಧ ಬರೆಯುವ ಅಧಿಕಾರವನ್ನು ನೀಡುವುದಿಲ್ಲ. ಸ್ನಾತಕೋತ್ತರ ಆಪ್ಟೋಮೆಟ್ರಿ ಪದವಿ ಅಥವಾ ಪಿಎಚ್‌.ಡಿ. ಪಡೆದವರಿಗೂ ಇದೇ ನಿಯಮ ಅನ್ವಯಿಸುತ್ತದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಆಗುವ ನೋಂದಣಿಯು ಸಂಸ್ಥೆಗೆ ಸಂಬಂಧಿಸಿದ್ದು. ಅದರಿಂದಲೂ ವ್ಯಕ್ತಿಗೆ ಈ ಅಧಿಕಾರ ಬರುವುದಿಲ್ಲ.

4. ಆಪ್ಟೋಮೆಟ್ರಿಸ್ಟರು ನಿರ್ವಹಿಸುವ ಕಾರ್ಯಗಳು

ಅ) ದೃಷ್ಟಿ ಪರೀಕ್ಷೆ ನಡೆಸಿ ಕನ್ನಡಕದ ಚೀಟಿ ಬರೆದುಕೊಡುವುದು.
ಆ) ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುವುದು, ಮಂದ ದೃಷ್ಟಿಯವರಿಗೆ ತಕ್ಕ ಸಾಧನಗಳನ್ನು ಸೂಚಿಸುವುದು.
ಇ) ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ದೋಷ ಇತ್ಯಾದಿಗಳ ಲಕ್ಷಣಗಳನ್ನು ಗುರುತಿಸಿ, ನೇತ್ರತಜ್ಞರ ಬಳಿಗೆ ಬರಹದ ಶಿಫಾರಸಿನೊಂದಿಗೆ ಕಳುಹಿಸುವುದು.
ಈ) ಆಸ್ಪತ್ರೆಗಳಲ್ಲಿ ನೇತ್ರತಜ್ಞರ ನಿರ್ದೇಶನದ ಮೇರೆಗೆ ಪರೀಕ್ಷೆಗಳನ್ನು ನಡೆಸುವುದು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ನೇತ್ರ ಸಹಾಯಕರ ಪಾತ್ರವೂ ಇದೇ ಸ್ವರೂಪದ್ದಾಗಿದೆ. ತಜ್ಞರು ದೂರವಿರುವ ಊರುಗಳಲ್ಲಿ ಸಕಾಲದಲ್ಲಿ ಕಳುಹಿಸಿದ ಒಂದು ಶಿಫಾರಸು ಪತ್ರವೇ ಕಣ್ಣನ್ನು ಉಳಿಸಬಲ್ಲದು.

5. ಔಷಧ ಬರೆಯಲು ಇಚ್ಛಿಸುವವರಿಗೆ ಇರುವ ಮಾರ್ಗಗಳು

ಅ) ಭಾರತದಲ್ಲಿ: ನೀಟ್ ಮೂಲಕ ಎಂಬಿಬಿಎಸ್ ಪ್ರವೇಶ ಪಡೆದು, ವ್ಯಾಸಂಗ ಮತ್ತು ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ನೇತ್ರತಜ್ಞರಾಗಲು ಅನಂತರ ಸ್ನಾತಕೋತ್ತರ ವ್ಯಾಸಂಗ ಅವಶ್ಯ. ಆಪ್ಟೋಮೆಟ್ರಿ ಪದವಿಯಿಂದ ಎಂಬಿಬಿಎಸ್‌ಗೆ ನೇರ ಪ್ರವೇಶವಿಲ್ಲ.

ಆ) ವಿದೇಶಗಳಲ್ಲಿ: ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು 1976ರಲ್ಲಿಯೇ ಚಿಕಿತ್ಸಾ ಔಷಧ ಬಳಸುವ ಅಧಿಕಾರವನ್ನು ಆಪ್ಟೋಮೆಟ್ರಿಸ್ಟರಿಗೆ ನೀಡಿತು. ಬ್ರಿಟನ್ನಿನಲ್ಲಿ ಹೆಚ್ಚುವರಿ ತರಬೇತಿ ಪಡೆದು, ಜನರಲ್ ಆಪ್ಟಿಕಲ್ ಕೌನ್ಸಿಲಿನಲ್ಲಿ ವಿಶೇಷ ನೋಂದಣಿ ಮಾಡಿಸಿದವರು 2008ರಿಂದ ಸ್ವತಂತ್ರವಾಗಿ ಕಣ್ಣಿನ ಔಷಧ ಬರೆಯಬಹುದಾಗಿದೆ. ಚುಚ್ಚುಮದ್ದು ಮತ್ತು ನಿಯಂತ್ರಿತ ಔಷಧಗಳು ಇದಕ್ಕೆ ಹೊರತು. ಆಸ್ಟ್ರೇಲಿಯಾದಲ್ಲಿ 2014ರ ಡಿಸೆಂಬರ್‌ನಿಂದ ಹೊಸದಾಗಿ ನೋಂದಾಯಿಸುವವರಿಗೆ ಈ ಅರ್ಹತೆಯನ್ನು ಕಡ್ಡಾಯಗೊಳಿಸಲಾಗಿದೆ. ಅಲ್ಲಿ ಪಡೆದ ಈ ಅಧಿಕಾರವು ಆಯಾ ದೇಶಕ್ಕೆ ಸೀಮಿತ; ಸ್ವದೇಶಕ್ಕೆ ಮರಳಿದ ಮೇಲೆ ಇಲ್ಲಿನ ಕಾನೂನೇ ಅನ್ವಯಿಸುತ್ತದೆ.

6. ಸಾರ್ವಜನಿಕರಿಗೆ ಸೂಚನೆಗಳು

ಅ) ಕನ್ನಡಕದ ಚೀಟಿ ಬೇರೆ, ಔಷಧದ ಚೀಟಿ ಬೇರೆ. ಔಷಧದ ಚೀಟಿಯಲ್ಲಿ ರೋಗಿಯ ಹೆಸರು ಮತ್ತು ವಿಳಾಸ, ಔಷಧದ ಪ್ರಮಾಣ, ಬಳಸುವ ಕ್ರಮ, ದಿನಾಂಕ ಹಾಗೂ ವೈದ್ಯರ ಸಹಿ ಇರಬೇಕು.

ಆ) ಕಣ್ಣಿಗೆ ಪೆಟ್ಟು, ತೀವ್ರ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಹಠಾತ್ತನೆ ಮಂಜಾಗುವುದು ಅಥವಾ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡುಬಂದಲ್ಲಿ ತಡಮಾಡದೆ ನೇತ್ರತಜ್ಞರನ್ನು ಕಾಣಬೇಕು. ಜಾಂಬೋಟಿ ಭಾಗದವರು ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಅಥವಾ ನೇರವಾಗಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ತೆರಳಬಹುದು.

ಇ) ಸುಣ್ಣ ಅಥವಾ ರಾಸಾಯನಿಕ ಬಿದ್ದ ಕಣ್ಣನ್ನು ತಕ್ಷಣವೇ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು ಅನಂತರ ಆಸ್ಪತ್ರೆಗೆ ಹೊರಡಬೇಕು.

ಈ) ಮನೆಯಲ್ಲಿ ಉಳಿದ ಹಳೆಯ ಹನಿ ಅಥವಾ ಬೇರೊಬ್ಬರಿಗೆ ಬರೆದ ಹನಿಯನ್ನು ಬಳಸಬಾರದು.

7. ಸಂಪರ್ಕಿಸಬೇಕಾದ ಕಛೇರಿಗಳು

ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಸೇವೆಗಳಿಗಾಗಿ ಹಾಗೂ ಅನರ್ಹರ ಚಿಕಿತ್ಸೆ ಕುರಿತ ದೂರುಗಳಿಗಾಗಿ ಖಾನಾಪುರದ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಛೇರಿ ಅಥವಾ ಬೆಳಗಾವಿಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ದೂರು ಸಲ್ಲಿಸುವಾಗ ಚೀಟಿ, ಔಷಧದ ಬಾಟಲಿ ಮತ್ತು ರಸೀದಿ ಇದ್ದಲ್ಲಿ ಲಗತ್ತಿಸತಕ್ಕದ್ದು.