ಕೇತುವಿನ ಬಾವುಟ, ಚುಕ್ಕಿಯ ಬಾಲ

ಒಂದೇ ವಸ್ತುವಿಗೆ ಎರಡು ಹೆಸರು. ಪತ್ರಿಕೆಯ ತಲೆಬರಹದಲ್ಲಿ ‘ಧೂಮಕೇತು’, ಅಗಸಿಕಟ್ಟೆಯ ಮೇಲೆ ‘ಬಾಲಚುಕ್ಕಿ’. 2024ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಹವ್ಯಾಸಿ ವೀಕ್ಷಕರು ನಸುಕಿನ ಮೂಡಣದಲ್ಲಿ ಕಂಡು ಚಿತ್ರ ತೆಗೆದ ಆ ಅತಿಥಿ ಅಕ್ಟೋಬರ್ ನಡುವಿಗೆ ಪಡುವಣಕ್ಕೆ ದಾಟಿ, ಹೊತ್ತು ಮುಣುಗಿದ ಮೇಲೆ ಬೆಳ್ಳಿಗೂ ಸ್ವಾತಿಗೂ ನಡುವೆ ಕಾಣಿಸಿಕೊಂಡಿತು. ಮುಸ್ಸಂಜೆಯ ಅತಿಥಿಗೆ ಬೇಕಾದದ್ದು ತಗ್ಗಿನವರೆಗೂ ತೆರೆದ ಬಾನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ, ಮೋಡವೊಂದು ಅಡ್ಡಬಾರದಿದ್ದರೆ, ಅದಕ್ಕೆ ಕೊರತೆಯಿಲ್ಲ. ಪದಪ್ರಿಯರಾದ ನಮಗೆ ಆ ಸೀಮೆ ಬೇಕಾಗಿರುವುದು ಮಾತ್ರ ಬೇರೆ ಕಾರಣಕ್ಕೆ.

ಹಳೆ ಮೈಸೂರಿನವರ ಆಡುಮಾತಿನಲ್ಲಿ ‘ಚುಕ್ಕೆ’ ಎಂದರೆ ಮೊದಲು ಹೊಳೆಯುವುದು ಬಿಂದು, ಬಾನಿನದಕ್ಕೆ ಅವರು ‘ನಕ್ಷತ್ರ’ವನ್ನು ಕರೆಯುತ್ತಾರೆ. ವಿಜಯಪುರದ ಕಡೆ ‘ಚುಕ್ಕಿ’ಗೆ ಎರಡೂ ಸಲೀಸು: ಅಂಗಳದ ರಂಗೋಲಿಯದೂ ಚುಕ್ಕಿ, ಮ್ಯಾಲಿನದೂ ಚುಕ್ಕಿ, ನಸುಕಿನಲ್ಲಿ ಎತ್ತು ಹೂಡುವವನಿಗೆ ಹೊತ್ತು ಹೇಳುವುದು ಬೆಳ್ಳಿಚುಕ್ಕಿ, ನಾಲಗೆ ತುಸು ಸಡಿಲಿದರೆ ಅದೇ ‘ಚಿಕ್ಕಿ’. ತೆಲುಗಿನ ‘ಚುಕ್ಕ’ವೂ ಇದರ ಒಡಹುಟ್ಟೇ, ಹನಿ, ಬೊಟ್ಟು, ತಾರೆ ಮೂರನ್ನೂ ಹೊತ್ತದ್ದು, ಅವರ ‘ತೋಕಚುಕ್ಕ’ ನಮ್ಮ ಬಾಲಚುಕ್ಕಿಯ ಪಡಿಯಚ್ಚು. ತಮಿಳರಿಗೆ ಅದು ‘ವಾಲ್‌ವೆಳ್ಳಿ’, ಇಲ್ಲಿಯೇ ನೆರೆಮನೆಯ ಉರ್ದು ಮಾತಿನಲ್ಲಿ ‘ದುಮ್‌ದಾರ್ ಸಿತಾರಾ’. ಇಂಡಿಯಿಂದ ಬಡಗಲಿಗೆ ಭೀಮೆ ದಾಟಿ ಸೊಲ್ಲಾಪುರ ಮುಟ್ಟಿದರೆ ಮಾತ್ರ ಬಾಲ ಕಳಚಿ ಜುಟ್ಟು ಹುಟ್ಟುತ್ತದೆ: ಮರಾಠಿಯ ‘ಶೇಂಡೇನಕ್ಷತ್ರ’. ‘ನೀಳಕೇಶಿ’ ಎಂಬರ್ಥದ ಗ್ರೀಕರ ‘ಕೊಮೇಟೀಸ್’, ಕೇತುವಿಗೆ ಸಂಸ್ಕೃತದ ಪರ್ಯಾಯವಾದ ‘ಶಿಖಿ’, ಇವೆಲ್ಲ ಆ ಜುಟ್ಟಿನ ಪಂಗಡದವು. ನವಿಲಿಗೂ ಬೆಂಕಿಗೂ ಶಿಖಿಯೆಂದ ಭಾಷೆ ಇದಕ್ಕೂ ಹಾಗೆಂದದ್ದರಲ್ಲಿ ಬೆರಗೇನಿಲ್ಲ.

ನಮ್ಮ ‘ಬಾಲ’ಕ್ಕೂ ಒಂದು ಚೇಷ್ಟೆಯಿದೆ. ತಮಿಳಿನ ‘ವಾಲ್’ ಕನ್ನಡದಲ್ಲಿ ವಕಾರ ಬಕಾರವಾಗಿ ‘ಬಾಲ’ವಾಗಿ ನಿಂತದ್ದು ತಿಳಿದದ್ದೇ, ಆದರೆ ಸಂಸ್ಕೃತದ ‘ವಾಲ’ವೂ ಬಾಲದ ಕೂದಲೇ, ಹೀಗಾಗಿ ಜುಟ್ಟಿನ ಪಂಗಡವೂ ಬಾಲದ ಪಂಗಡವೂ ಈ ಒಂದು ಪದದಲ್ಲಿ ತಳಕು ಹಾಕಿಕೊಂಡಿವೆ. ‘ಬಾಲಚಂದ್ರ’ನ ಬಾಲ ಎಳೆತನ, ‘ಬಾಲಚುಕ್ಕಿ’ಯ ಬಾಲ ಪುಚ್ಛ. ಹೊಸ ಓದುಗ ಒಮ್ಮೆ ಎಡವಿದರೆ ನಾವು ನಗಬಾರದು.

ಇನ್ನು ಕೇತು. ಇಲ್ಲಿ ನಿಧಾನವಾಗಿ ನಡೆಯೋಣ. ಕಾಣು, ಅರಿ ಎಂಬರ್ಥದ ‘ಚಿತ್’ ಧಾತುವಿನಿಂದ ಚಿತ್ತ, ಚೇತನಗಳೊಡನೆ ಹುಟ್ಟಿದ ಈ ಪದ ಋಗ್ವೇದದಲ್ಲಿ ಬೆಳಕು, ಗುರುತು, ಬಾವುಟ. ಉಷೆಯರು ಮೂಡಣದಲ್ಲಿ ಎತ್ತಿ ತೋರುವುದು ಕೇತು, ಅಂದರೆ ಪದದ ಮೊದಲ ನೆಲೆಯೇ ಸಂಧ್ಯೆಯ ಬೆಳಕು. ‘ಧೂಮಕೇತು’ ಆಗ ಅಗ್ನಿಯ ವಿಶೇಷಣ, ಹೊಗೆಯನ್ನೇ ಬಾವುಟವಾಗಿ ಏರಿಸಿದವನೆಂದು. ಯಜ್ಞಕುಂಡದ ದೂರದ ಗುರುತು ಹೊಗೆಯಲ್ಲವೇ? ಅಥರ್ವವೇದಕ್ಕೆ ಬರುವಷ್ಟರಲ್ಲಿ ಅದು ಮೃತ್ಯುವಿನ ಪಕ್ಕ ಬಂದು ನಿಂತಿದೆ. ಅಮರಸಿಂಹನ ಕೋಶದ ನಾನಾರ್ಥ ಭಾಗದಲ್ಲಿ ಅಗ್ನಿ, ಉತ್ಪಾತ ಎರಡೂ ಅರ್ಥಗಳು ಜೊತೆಗೂಡಿವೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ‘ಕೇತುಚಾರ’ವೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಕೆಲವರು 101 ಕೇತುಗಳೆನ್ನುತ್ತಾರೆ, ಕೆಲವರು 1000 ಎನ್ನುತ್ತಾರೆ, ನಾರದನ ಮತದಲ್ಲಿ ಇರುವುದು ಒಂದೇ, ರೂಪ ಹಲವು ಎಂದು ಎಲ್ಲರನ್ನೂ ಸಾಲಾಗಿ ಕೂರಿಸಿ, ಇವುಗಳ ಉದಯಾಸ್ತ ಗಣಿತಕ್ಕೆ ಸಿಕ್ಕುವುದಲ್ಲವೆಂದು ನೇರವಾಗಿ ಹೇಳುತ್ತಾನೆ. ಫಲಜ್ಯೋತಿಷದ ರಾಶಿಯ ನಡುವೆ ಆ ಒಂದು ಮಾತು ನನಗೆ ಬಲು ಪ್ರಿಯ. ಲೆಕ್ಕಕ್ಕೆ ಸಿಗದ್ದಕ್ಕೇ ತಾನೇ ಜನ ಅಂಜಿದ್ದು! ಮುಂದೆ ರುಂಡ ರಾಹುವಾಗಿ ಮುಂಡ ಕೇತುವಾಗಿ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಸ್ಥಾನಗಳಲ್ಲಿ ಒಂದಕ್ಕೆ ಆ ಹೆಸರು ಅಂಟಿ, ನವಗ್ರಹದ ಕಟ್ಟೆಯ ಮೇಲೆ ಕಲ್ಲಾಗಿ ನಿಂತಿತು.

ಕಾವ್ಯದ ಕೇತುವಿಗೆ ಈ ಶಾಪ ತಟ್ಟಲಿಲ್ಲ. ಕರ್ಣನ ಮಗ ವೃಷಕೇತು, ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಮನೆಯ ಹುಡುಗನೇ, ಮನ್ಮಥ ಮಕರಕೇತನ, ಅರ್ಜುನ ಕಪಿಕೇತನ, ಶಿವ ವೃಷಭಕೇತನ. ಆಡುಮಾತು ಹಿಡಿದದ್ದು ಮಾತ್ರ ಕೆಡುಕಿನ ಎಳೆಯನ್ನು: ‘ಮನಿಗೆ ಧೂಮಕೇತು ಬಂದಂಗ ಬಂದಾನ’ ಎಂದರೆ ಅಳಿಯನೋ ದಾಯಾದಿಯೋ, ಬಾನಿನದ್ದಂತೂ ಅಲ್ಲ. ವಿಜ್ಞಾನಲೇಖಕರು ಇದೇ ಪದವನ್ನು ತೊಳೆದು ಒಣಗಿಸಿ ಪಾರಿಭಾಷಿಕ ಮಾಡಿದರು; ಬೈಗುಳ ಬೈಗುಳವಾಗಿಯೇ ಉಳಿಯಿತು.

ಎರಡರಲ್ಲಿ ಯಾವುದು ಮೇಲು? ದೇಸಿಯ ಮೇಲಿನ ಅಕ್ಕರೆಯಿಂದ ಬಾಲಚುಕ್ಕಿಗೇ ಅಂಕ ಕೊಡಲು ಕೈ ಮುಂದಾಗುತ್ತದೆ. ಆದರೆ ಎತ್ತಿನ ಬಾಲ ಯಾವತ್ತೂ ಹಿಂದೆಯೇ, ಇದರದು ಹಾಗಲ್ಲ. ಅದು ಸೂರ್ಯನಿಗೆ ವಿಮುಖವಾಗಿ ಚಾಚುತ್ತದೆಂದು ಜರ್ಮನಿಯ ಪೀಟರ್ ಅಪಿಯಾನ್ 1531ರ ಧೂಮಕೇತುವನ್ನು ನೋಡಿ ಗುರುತಿಸಿದ. ಕಾರಣ ಹುಡುಕುತ್ತ ಲುಡ್ವಿಗ್ ಬೀರ್‌ಮನ್ 1951ರಲ್ಲಿ ಸೂರ್ಯನಿಂದ ಹೊರಡುವ ಕಣಗಳ ಗಾಳಿಯನ್ನು ಊಹಿಸಿದ. ಸೂರ್ಯನನ್ನು ಸುತ್ತಿ ಮರಳುವಾಗ ಬಾಲವೇ ಮುಂದು, ತಲೆ ಹಿಂದು. ಬಾಗೇವಾಡಿಯ ಬೀದಿಯಲ್ಲಿ ಬಾವುಟ ಹಿಡಿದವನು ಯಾವ ಕಡೆ ನಡೆದರೂ ಬಟ್ಟೆ ಹಾರುವುದು ಗಾಳಿ ಬೀಸುವ ದಿಕ್ಕಿಗೇ ತಾನೇ? ಹೊಗೆಯ ಬಾವುಟವೆಂದ ಋಷಿಗೆ ಈ ಭೌತಶಾಸ್ತ್ರ ಗೊತ್ತಿರಲಿಲ್ಲ, ಗೊತ್ತಿತ್ತೆಂದು ಎದೆ ತಟ್ಟುವವರ ಸಂಗ ನಮಗೆ ಬೇಡ, ಅವನು ಹೇಳಿದ್ದೂ ಬೆಂಕಿಯ ಕುರಿತು. ಪದ ಮಾತ್ರ ತಾನು ಕಾಣದ ಸತ್ಯಕ್ಕೆ ಸರಿಯಾಗಿ ಹೊಂದಿಕೊಂಡಿದೆ. ಅನಿಲದ ನೇರ ಬಾವುಟ ಒಂದು, ದೂಳಿನ ಬಾಗಿದ ಬಾವುಟ ಇನ್ನೊಂದು.

2024ರ ಆ ಅತಿಥಿಯ ಸ್ವಂತ ಹೆಸರು ತ್ಸುಚಿನ್‌ಶಾನ್–ಅಟ್ಲಾಸ್. ಮೊದಲರ್ಧ ಚೀನಾದ ‘ನೇರಳೆ ಬೆಟ್ಟ’ದ ವೀಕ್ಷಣಾಲಯದ್ದು, ಹಳೆಯ ಲಿಪ್ಯಂತರದಲ್ಲಿ, ಎರಡನೆಯದು 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಅದನ್ನು ಕಂಡ ಸಮೀಕ್ಷೆಯದು. ಅಕ್ಟೋಬರ್ 14ರ ಸುಮಾರಿಗೆ ಭೂಮಿ ಅದರ ಕಕ್ಷೆಯ ಸಮತಲವನ್ನು ದಾಟುವಾಗ, ಹಿಂದುಳಿದ ದೂಳು ಅಂಚಿನಿಂದ ಕಂಡು, ಸೂರ್ಯನ ಕಡೆಗೂ ಒಂದು ಸಣ್ಣ ಗೆರೆ ಚಾಚಿದಂತೆ ತೋರಿತು. ಈ ಗೆರೆಗೆ ‘ಪ್ರತಿಪುಚ್ಛ’ ಎಂದು ಟಂಕಿಸುವ ಪಂಡಿತರು ಇದ್ದೇ ಇರುತ್ತಾರೆ. ಅವರಿಗಿಂತ ಮೊದಲು ‘ಎದುರುಬಾಲ’ ಎಂದು ಕರೆದುಬಿಡೋಣ. ಸಿಂದಗಿಯ ಸಂತೆಯಲ್ಲಿ ಇದು ನಡೆದರೆ ನಿಘಂಟಿಗೂ ನಡೆದೀತು.